ಮೂರು ದಿನ ತಿಕ್ಕು, ಅರ್ಧ ದಿನ ಬಣ್ಣ

ತಿಪಟೂರಿನ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸ್ವಾರಸ್ಯದ ಪ್ರಶ್ನೆಯೊಂದನ್ನು ಕೇಳಿ ಪತ್ರ ಬರೆದಿದ್ದಾಳೆ. ಅವಳ ಅಣ್ಣ ಅಮೆರಿಕದ ಮಿಚಿಗನ್ ರಾಜ್ಯದಲ್ಲಿದ್ದಾನೆ. ಅಲ್ಲಿ ಒಂದು ಹಳೆಯ ಮನೆ ಕೊಂಡಿದ್ದಾನೆ, 1930ರ ದಶಕದಲ್ಲಿ ಕಟ್ಟಿದ್ದು. ಮನೆಯ ಜೊತೆಗೆ ಬಂದ ಸ್ನಾನದ ತೊಟ್ಟಿಯೂ ಅಷ್ಟೇ ಹಳೆಯದು. ಹಿಂದಿನ ಮಾಲೀಕರು ಯಾವಾಗಲೋ ಅದಕ್ಕೆ ಬಳಿಸಿದ್ದ ಬಿಳಿ ಬಣ್ಣ ಈಗ ಹಪ್ಪಳದಂತೆ ಎದ್ದು ಬರುತ್ತಿದೆ. ಹೊಸ ತೊಟ್ಟಿ ಹಾಕಿಸುವ ಬದಲು ತಾನೇ ಬಣ್ಣ ಬಳಿಯೋಣವೆಂದು ಅವನು ಅಂಗಡಿಯಿಂದ ಒಂದು ಕಿಟ್ ತಂದಿದ್ದಾನೆ. ‘ಅದರ ಜೊತೆಗಿನ ಪುಸ್ತಿಕೆಯಲ್ಲಿ ಬಣ್ಣ ಬಳಿಯುವುದಕ್ಕೆ ಅರ್ಧ ಪುಟ, ತೊಳೆಯುವುದಕ್ಕೆ ಆರು ಪುಟ ಇದೆಯಂತೆ. ಮೂರು ದಿನ ತಿಕ್ಕಬೇಕಂತೆ. ಯಾಕೆ ಸಾರ್?’ ಎಂಬುದು ಪ್ರಶ್ನೆ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿದೆ. ಬಣ್ಣ ಕೀಳುವ ದ್ರಾವಣದ ಹಳೆಯ ಡಬ್ಬಿಯೊಂದು ಗ್ಯಾರೇಜಿನಲ್ಲಿ ಸಿಕ್ಕಿದೆ, ಅದರಿಂದ ಕೆಲಸ ಬೇಗ ಮುಗಿಯುತ್ತದೆಂದು ಅಣ್ಣ ಖುಷಿಯಾಗಿದ್ದಾನಂತೆ.

ಆ ಕೊನೆಯ ಸಾಲನ್ನು ಓದಿದ ದಿನವೇ ಅವಳ ತಂದೆಗೆ ಫೋನ್ ಮಾಡಿ, ಡಬ್ಬಿಯ ಮುಚ್ಚಳ ತೆಗೆಯಬೇಡವೆಂದು ಮಗನಿಗೆ ಹೇಳಿ ಎಂದು ತಿಳಿಸಿದ್ದೇನೆ. ಕಾರಣ ಮುಂದೆ ಬರುತ್ತದೆ. ಮೊದಲು ತೊಟ್ಟಿಯ ವಿಷಯ.

ನಮ್ಮಲ್ಲಿ ಸ್ನಾನವೆಂದರೆ ಹಂಡೆ, ಬಕೆಟ್ಟು, ಚೊಂಬು. ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವುದು ಚಳಿದೇಶದವರ ರೂಢಿ. ಅಲ್ಲಿನ ಹಳೆಯ ತೊಟ್ಟಿಗಳು ಎರಕದ ಕಬ್ಬಿಣದವು. ಐದಡಿ ಉದ್ದದ ಒಂದು ತೊಟ್ಟಿ ಒಂದೂವರೆ ಕ್ವಿಂಟಲಿನ ಹತ್ತಿರ ತೂಗುತ್ತದೆ. ಅದನ್ನು ಮಹಡಿಯಿಂದ ಇಳಿಸುವುದೇ ಒಂದು ಸಾಹಸವಾದ್ದರಿಂದ ಜನ ಇದ್ದಲ್ಲೇ ರಿಪೇರಿ ಮಾಡಲು ನೋಡುತ್ತಾರೆ. ಕಬ್ಬಿಣದ ಮೇಲೆ ಕಾಣುವ ಬಿಳಿ ಹೊಳಪು ಬಣ್ಣವಲ್ಲ, ಗಾಜು. ನಮ್ಮ ಅಜ್ಜಿಯರ ಕಾಲದ ಎನಾಮೆಲ್ ತಟ್ಟೆ, ಎನಾಮೆಲ್ ಲೋಟಗಳನ್ನು ನೆನಪಿಸಿಕೊಳ್ಳಿ. ನೆಲಕ್ಕೆ ಬಿದ್ದರೆ ಅಂಚಿನಲ್ಲಿ ಚಕ್ಕೆ ಹಾರಿ ಕಪ್ಪು ಕಬ್ಬಿಣ ಇಣುಕುತ್ತಿತ್ತಲ್ಲ, ಅದೇ ವಸ್ತು. ಗಾಜಿನ ಪುಡಿಯನ್ನು ಕಾದ ಲೋಹದ ಮೇಲೆ ಹರಡಿ, 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿ ಅಂಟಿಸುತ್ತಾರೆ. 1883ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಶೆಬಾಯ್ಗನ್ ಊರಿನ ಜಾನ್ ಮೈಕೆಲ್ ಕೋಲರ್ ಎಂಬ ಎರಕದ ಕಾರ್ಖಾನೆಯ ಒಡೆಯ ದನಕರುಗಳ ನೀರಿನ ಬಾನಿಯನ್ನು ಹೀಗೆ ಕಾಯಿಸಿ, ಎನಾಮೆಲ್ ಪುಡಿ ಉದುರಿಸಿ, ನಾಲ್ಕು ಕಾಲು ಜೋಡಿಸಿ ಸ್ನಾನದ ತೊಟ್ಟಿ ಮಾಡಿದ. ಮೊದಲ ತೊಟ್ಟಿಯನ್ನು ರೈತನೊಬ್ಬ ಒಂದು ಹಸು ಮತ್ತು 14 ಕೋಳಿ ಕೊಟ್ಟು ಕೊಂಡನೆಂಬ ಕತೆಯನ್ನು ಆ ಕಂಪನಿಯವರೇ ಹೇಳಿಕೊಳ್ಳುತ್ತಾರೆ.

ಈಗ ಪ್ರಶ್ನೆಗೆ ಬರೋಣ. ಮನೆಯ ಬಚ್ಚಲಿನಲ್ಲಿ 800 ಡಿಗ್ರಿಯ ಕುಲುಮೆ ಹೂಡಲಾಗದು. ಆದ್ದರಿಂದ ಅಂಗಡಿಯ ಕಿಟ್ ಏನೇ ಹೆಸರಿಟ್ಟುಕೊಂಡಿರಲಿ, ಅದು ಎನಾಮೆಲ್ ಅಲ್ಲ. ಎಪಾಕ್ಸಿಯಂಥ ರಾಳದ ಬಣ್ಣ. ಗಾಜು ಕರಗಿ ಲೋಹವನ್ನು ಕಚ್ಚಿಕೊಂಡಂತೆ ಈ ಬಣ್ಣ ಕಚ್ಚಿಕೊಳ್ಳುವುದಿಲ್ಲ, ತಾನು ಮುಟ್ಟಿದ್ದನ್ನು ಮಾತ್ರ ಹಿಡಿದುಕೊಳ್ಳುತ್ತದೆ. ‘ಮುಟ್ಟಿದ್ದನ್ನು ಮಾತ್ರ’ ಎಂಬುದರಲ್ಲೇ ಆ ಆರು ಪುಟಗಳ ಗುಟ್ಟಿದೆ. ಅಣುಗಳ ನಡುವಿನ ಅಂಟುಬಲ ಬಹಳ ಗಿಡ್ಡ ಕೈಯ ಬಲ. ಅಣುವಿನ ಗಾತ್ರದಷ್ಟೇ ದೂರಕ್ಕೆ ಅದರ ಕೈ ಚಾಚುತ್ತದೆ, ಅದರಾಚೆ ಅದು ಇಲ್ಲವೆಂದೇ ಲೆಕ್ಕ. ಗಾಜಿನ ಮೇಲೆ ಸಾಬೂನಿನ ಒಂದು ಪೊರೆ ಉಳಿದಿದೆ, ಅದರ ದಪ್ಪ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಎಂದುಕೊಳ್ಳಿ. ಕಣ್ಣಿಗೆ ಕಾಣುವುದೇ ಕಷ್ಟ. ಸಾಬೂನಿನ ಅಣುಗಳನ್ನು ನೆಟ್ಟಗೆ ಒಂದರ ಮೇಲೊಂದು ನಿಲ್ಲಿಸಿದರೆ ಆ ಪೊರೆಯೊಳಗೆ 400 ಅಂತಸ್ತುಗಳು ಹಿಡಿಸುತ್ತವೆ! ಬಣ್ಣ ಹಿಡಿದುಕೊಳ್ಳುವುದು 400ನೆಯ ಅಂತಸ್ತನ್ನು. ಗಾಜು ಅಲ್ಲೆಲ್ಲೋ ಕೆಳಗಿದೆ. ಸಾಬೂನು ಜಾರಿದ ದಿನ ಬಣ್ಣವೂ ಜಾರುತ್ತದೆ. ಹಿಂದಿನ ಮಾಲೀಕರ ಬಣ್ಣ ಹಪ್ಪಳವಾಗಿ ಎದ್ದದ್ದು ಬಹುಶಃ ಬಣ್ಣದ ದೋಷದಿಂದಲ್ಲ.

ತೊಟ್ಟಿ ಯಾವುದರಿಂದ ಮಾಡಿದ್ದು ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಅಂಟಿಕೊಂಡರೆ ಕಬ್ಬಿಣ ಅಥವಾ ಉಕ್ಕು, ಇಲ್ಲವಾದರೆ ಫೈಬರ್ ಗ್ಲಾಸ್ ಇಲ್ಲವೇ ಅಕ್ರಿಲಿಕ್. ಮುಂದೆ ಹೇಳುವ ಆಮ್ಲದ ಮಾತು, ಉಜ್ಜುವ ಮಾತು ಕಬ್ಬಿಣದ ತೊಟ್ಟಿಗೆ.

ಮೊದಲು ಅಂಚಿನ ಸಂದಿಗಳಿಗೆ ತುಂಬಿದ ಸಿಲಿಕೋನ್ ಮೇಣವನ್ನು ಪೂರ್ತಿ ಕಿತ್ತು ತೆಗೆಯಬೇಕು. ಸಿಲಿಕೋನಿನ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಬೆರಳಿನಿಂದ ಒರೆಸಿದಷ್ಟು ಉಳಿದರೂ ಅಲ್ಲಿ ಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಆಮೇಲೆ ಕೊಳೆ. ಕೊಳೆ ಎಂದರೆ ಒಂದೇ ವಸ್ತುವಲ್ಲ, ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ರಸಾಯನ ಪಾಠ. ತೊಟ್ಟಿಯ ಗೋಡೆಯ ಮೇಲೆ ಕನಿಷ್ಠ ಮೂರು ಬಗೆ ಇರುತ್ತವೆ. ಮೈಯ ಜಿಡ್ಡು ಮತ್ತು ಎಣ್ಣೆ ಒಂದು. ಗಡಸು ನೀರಿನ ಸುಣ್ಣದ ಹರಳು ಇನ್ನೊಂದು. ಇವೆರಡರ ನಡುವಿನ ಮಗು ಮೂರನೆಯದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸಾಬೂನು ಸೇರಿ ನೀರಿನಲ್ಲಿ ಕರಗದ ಬೂದುಬಣ್ಣದ ಗಸಿಯಾಗುತ್ತದೆ. ಬೋರ್‌ವೆಲ್ ನೀರಿನ ಊರುಗಳವರಿಗೆ ಇದನ್ನು ವರ್ಣಿಸಬೇಕಿಲ್ಲ. ಬಕೆಟ್ಟಿನ ಒಳಗೋಡೆಯಲ್ಲಿ ಉಂಗುರವಾಗಿ ಕೂತಿರುವುದೇ ಇದು. ಜಿಡ್ಡಿಗೆ ಕ್ಷಾರ ಬೇಕು, ಸುಣ್ಣಕ್ಕೆ ಆಮ್ಲ ಬೇಕು. ನಮ್ಮ ಹೆಂಗಸರು ಎಣ್ಣೆ ಪಾತ್ರೆಗೆ ಬೂದಿಯನ್ನೂ, ತಾಮ್ರದ ಹಂಡೆಗೆ ಹುಣಿಸೆಹಣ್ಣನ್ನೂ ಹಿಡಿದದ್ದು ಸುಮ್ಮನೆ ಅಲ್ಲ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಎಂಬ ಕ್ಷಾರವಿದೆ, ಹುಣಿಸೆಯಲ್ಲಿ ಟಾರ್ಟಾರಿಕ್ ಆಮ್ಲ. ತೊಟ್ಟಿಗೂ ಇದೇ ಕ್ರಮ: ಮೊದಲು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಅಥವಾ ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ ತಿಕ್ಕಿ ಜಿಡ್ಡು ತೆಗೆಯುವುದು. ಜಿಡ್ಡಿನ ಹೊದಿಕೆ ಇದ್ದರೆ ಆಮ್ಲ ಸುಣ್ಣವನ್ನು ಮುಟ್ಟುವುದೇ ಇಲ್ಲ. ಚೆನ್ನಾಗಿ ತೊಳೆದ ಮೇಲೆ ಆಮ್ಲ. ಆಮೇಲೆ ಮತ್ತೊಮ್ಮೆ ಕ್ಷಾರ, ಏಕೆಂದರೆ ಆಮ್ಲವು ಆ ಬೂದು ಗಸಿಯನ್ನು ಒಡೆದಾಗ ಕೊಬ್ಬಿನ ಆಮ್ಲ ಬಿಡುಗಡೆಯಾಗಿ ಮತ್ತೆ ಜಿಡ್ಡಾಗಿ ಕೂರುತ್ತದೆ. ಮೂರು ದಿನದಲ್ಲಿ ಒಂದು ದಿನ ಇಲ್ಲಿಗೇ ಹೋಯಿತು.

ಆಮ್ಲವೆಂದರೆ ವಿನೆಗರ್ ಸಾಕು. ಎಷ್ಟು ಬೇಕೆಂಬುದನ್ನು ಹತ್ತನೆಯ ತರಗತಿಯವರು ಲೆಕ್ಕ ಹಾಕಬಲ್ಲರು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ 120 ಗ್ರಾಂ ಅಸಿಟಿಕ್ ಆಮ್ಲ. ಶೇಕಡಾ 4ರ ವಿನೆಗರ್ ಒಂದು ಲೀಟರಿನಲ್ಲಿ ಆಮ್ಲ ಸುಮಾರು 40 ಗ್ರಾಂ. ಅಂದರೆ ಒಂದು ಲೀಟರು ಹೆಚ್ಚೆಂದರೆ 33 ಗ್ರಾಂ ಸುಣ್ಣವನ್ನು ಕರಗಿಸೀತು. ಇದು ಕಾಗದದ ಮೇಲಿನ ಲೆಕ್ಕ, ಗೋಡೆಯ ಮೇಲೆ ಇನ್ನೂ ಕಡಿಮೆ. ಆದ್ದರಿಂದ ಬಟ್ಟೆಗೆ ನೆನೆಸಿ ಹರಳು ಕಟ್ಟಿದ ಕಡೆಗೆ ಹೊದಿಸಿ ಗಂಟೆಗಟ್ಟಲೆ ಬಿಡುವುದು, ಬಟ್ಟೆ ಒಣಗಿದಂತೆ ಮತ್ತೆ ನೆನೆಸುವುದು. ಅವಸರವೆಂದು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುವವರಿದ್ದಾರೆ. ಅದು ಸುಣ್ಣವನ್ನು ಕ್ಷಣದಲ್ಲಿ ತಿನ್ನುತ್ತದೆ, ಆದರೆ ಎನಾಮೆಲ್ ಸಿಡಿದ ಕಡೆಯೆಲ್ಲ ಒಳಗಿನ ಕಬ್ಬಿಣವನ್ನೂ ತಿನ್ನತೊಡಗುತ್ತದೆ.

ಪಾಲಕರು ಇಲ್ಲಿ ಸ್ವಲ್ಪ ನಿಂತು ಓದಬೇಕು, ಏಕೆಂದರೆ ಈ ಮಾತು ಮಿಚಿಗನ್ನಿಗಿಂತ ನಮ್ಮ ಬಚ್ಚಲುಗಳಿಗೇ ಹೆಚ್ಚು ಸಲ್ಲುತ್ತದೆ. ತಿಕ್ಕುವ ಪುಡಿಗಳಲ್ಲಿ ಎಷ್ಟೋ ವೇಳೆ ಬ್ಲೀಚ್ ಬೆರೆತಿರುತ್ತದೆ. ನಮ್ಮ ಮನೆಗಳಲ್ಲಿ ಬ್ಲೀಚಿಂಗ್ ಪೌಡರಿನ ಪೊಟ್ಟಣವೂ ‘ಆಸಿಡ್’ ಸೀಸೆಯೂ ಒಂದೇ ಮೂಲೆಯಲ್ಲಿ ಇರುತ್ತವೆ. ಎರಡೂ ಕೊಳೆ ತೆಗೆಯುತ್ತವೆ, ಒಟ್ಟಿಗೆ ಹಾಕಿದರೆ ಇಮ್ಮಡಿ ತೆಗೆದಾವು ಎಂಬುದು ಸಹಜವಾದ ಊಹೆ. ಆದರೆ ಬ್ಲೀಚಿಗೆ ಆಮ್ಲ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳತ್ತ ತೇಲಿಬಿಟ್ಟದ್ದು ಇದನ್ನೇ. ವಿನೆಗರ್, ನಿಂಬೆರಸದಂಥ ಮೆತ್ತನೆಯ ಆಮ್ಲವೂ ಈ ಕೆಲಸ ಮಾಡಬಲ್ಲದು. ಬ್ಲೀಚಿನೊಡನೆ ಅಮೋನಿಯಾ ಸೇರಿದರೆ ಹುಟ್ಟುವ ಕ್ಲೋರಮೀನುಗಳೂ ಶ್ವಾಸಕೋಶಕ್ಕೆ ಕೇಡು. ಆದ್ದರಿಂದ ಹಳೆಯ ತೊಟ್ಟಿಗೆ ಕೈಹಾಕುವವರು ಬ್ಲೀಚ್ ಇರುವ ಯಾವುದನ್ನೂ ಬಚ್ಚಲಿನೊಳಗೆ ತಾರದಿರುವುದು ಲೇಸು. ಬಣ್ಣಕ್ಕೆ ಬೇಕಾದುದು ಶುದ್ಧ ಮೇಲ್ಮೈ, ಬಿಳುಪಲ್ಲ. ಬಿಳುಪನ್ನು ಬಣ್ಣವೇ ಕೊಡುತ್ತದೆ.

ಈಪ್ರಿನ ಸೈನಿಕರು ಕಂದಕಗಳಲ್ಲಿದ್ದರು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ಅದು ನೀರಿನಂತೆ ಕಂದಕಗಳಿಗೆ ಇಳಿಯಿತು. ಸ್ನಾನದ ತೊಟ್ಟಿಯೂ ಒಂದು ಕಂದಕವೇ. ಅದರೊಳಕ್ಕೆ ತಲೆ ಬಾಗಿಸಿ ತಿಕ್ಕುವವನ ಮೂಗು ಕಂದಕದೊಳಗೇ ಇರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ಯಾರೇಜಿನ ಆ ಹಳೆಯ ಡಬ್ಬಿಯ ಕಡೆಗೆ ಬರೋಣ.

ಬಣ್ಣ ಕೀಳುವ ಹಳೆಯ ದ್ರಾವಣಗಳಲ್ಲಿ ಬಹುಪಾಲು ಮೆಥಿಲೀನ್ ಕ್ಲೋರೈಡ್ ಇರುತ್ತಿತ್ತು. ಡೈಕ್ಲೋರೋಮೀಥೇನ್ ಎಂದೂ ಹೆಸರು. ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ, ಬಳಿದು ಸ್ವಲ್ಪ ಹೊತ್ತಿನಲ್ಲೇ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಆದರೆ ಅದು ಕುದಿಯುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿಗೇ. ರಾಯಚೂರಿನ ಬೇಸಿಗೆಯಲ್ಲಿ ಮುಚ್ಚಳ ತೆಗೆದಿಟ್ಟರೆ ತಾನೇ ಕುದ್ದೀತು. ತಂಪು ಬಚ್ಚಲಿನಲ್ಲಿಯೂ ಬೇಗ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಭಾರ. ಅದರ ಅಣುತೂಕ 85, ಗಾಳಿಯದು ಸರಾಸರಿ 29, ಭಾಗಿಸಿ ನೋಡಿ.

ಇನ್ನೊಂದು ಲೆಕ್ಕವನ್ನೂ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. 85 ಗ್ರಾಂ ದ್ರವವೆಂದರೆ ಸುಮಾರು 64 ಮಿಲಿಲೀಟರ್, ನಾಲ್ಕೈದು ದೊಡ್ಡ ಚಮಚ. ಅದು ಪೂರ್ತಿ ಆವಿಯಾದರೆ ಕೋಣೆಯ ಉಷ್ಣತೆಯಲ್ಲಿ 24 ಲೀಟರ್ ಆಗುತ್ತದೆ. ಬಚ್ಚಲು 2 ಮೀಟರ್ ಉದ್ದ, 2.1 ಮೀಟರ್ ಅಗಲ, 2.5 ಮೀಟರ್ ಎತ್ತರವಿದೆ ಎಂದುಕೊಂಡರೆ ಅದರಲ್ಲಿರುವ ಗಾಳಿ 10,500 ಲೀಟರ್. ಆವಿ ಸಮನಾಗಿ ಹರಡಿದರೂ ದಶಲಕ್ಷದಲ್ಲಿ ಸುಮಾರು 2,300 ಪಾಲು ಆಯಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಈ ವಸ್ತುವಿಗೆ ‘ಪ್ರಾಣಕ್ಕೆ ತಕ್ಷಣದ ಅಪಾಯ’ ಎಂದು ಗುರುತಿಸಿರುವ ಮಟ್ಟವೂ 2,300. ನಾಲ್ಕೈದು ಚಮಚಕ್ಕೇ ಇಷ್ಟು! ತೊಟ್ಟಿ ತುಂಬ ಬಳಿಯಲು ಚಮಚಗಳಲ್ಲ, ಲೋಟಗಳೇ ಬೇಕು. ಅಲ್ಲದೆ ಭಾರದ ಆವಿ ಸಮನಾಗಿ ಹರಡುವುದೂ ಇಲ್ಲ, ಹುಟ್ಟಿದ ತೊಟ್ಟಿಯಲ್ಲೇ ಮಡುಗಟ್ಟುತ್ತದೆ. ಗಾಳಿ ಹೊರದೂಡುವ ಫ್ಯಾನನ್ನು ಎಲ್ಲರೂ ಚಾವಣಿಯ ಹತ್ತಿರ ಕೂಡಿಸಿರುತ್ತಾರೆ. ಅದು ಮೇಲಿನ ಒಳ್ಳೆಯ ಗಾಳಿಯನ್ನು ಹೊರಕ್ಕೆ ಕಳಿಸುತ್ತ ಕೂತಿರುತ್ತದೆ, ತೊಟ್ಟಿಯ ತಳ ಹಾಗೇ ಉಳಿಯುತ್ತದೆ.

ಆ ಆವಿ ಮಿದುಳನ್ನು ಮಂಪರಿಗೆ ತಳ್ಳಿ ಉಸಿರಾಟವನ್ನೇ ನಿಲ್ಲಿಸುತ್ತದೆ. ಸಾಲದೆಂಬಂತೆ, ದೇಹದೊಳಗೆ ಹೋದದ್ದರಲ್ಲಿ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಆ ಅನಿಲವನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದರ ವಾಸನೆ ಸ್ವಲ್ಪ ಸಿಹಿ. ಮೂಗಿಗೆ ಗೊತ್ತಾಗುವ ಹೊತ್ತಿಗೆ ಸುರಕ್ಷಿತ ಮಿತಿ ಎಷ್ಟೋ ಹಿಂದೆ ಉಳಿದಿರುತ್ತದೆ. ಬಟ್ಟೆಯ ಮಾಸ್ಕ್, ಕಾಗದದ ಮಾಸ್ಕ್ ಧೂಳನ್ನು ತಡೆದಾವು, ಆವಿಯನ್ನಲ್ಲ. ಇದ್ದಿಲು ತುಂಬಿದ ಡಬ್ಬಿಯ ಮಾಸ್ಕ್ ಕೂಡ ಈ ವಸ್ತುವಿನೆದುರು ಬಹಳ ಹೊತ್ತು ನಿಲ್ಲುವುದಿಲ್ಲ.

ಇದು ಹೆದರಿಸುವ ಮಾತಲ್ಲ. 2010ರಲ್ಲಿ ಅದೇ ಮಿಚಿಗನ್ ರಾಜ್ಯದಲ್ಲಿ ತೊಟ್ಟಿಗೆ ಹೊಸ ಲೇಪ ಕೊಡುವ ಕೆಲಸಗಾರನೊಬ್ಬ ಸತ್ತ. ಅವನು ಬಳಸಿದ್ದು ವಿಮಾನಗಳ ಬಣ್ಣ ಕೀಳಲೆಂದು ಮಾರುತ್ತಿದ್ದ ದ್ರಾವಣ. ತನಿಖೆಗೆ ಹೊರಟವರು ಹಳೆಯ ಕಡತ ತೆಗೆದರೆ ಇಂಥವೇ ಇನ್ನಷ್ಟು ಸಾವುಗಳು ಸಿಕ್ಕವು. 2000ದಿಂದ 2011ರ ನಡುವೆ ಆ ದೇಶದಲ್ಲಿ ಒಟ್ಟು 13 ಮಂದಿ ಇದೇ ಕೆಲಸದಲ್ಲಿ, ಇದೇ ವಸ್ತುವಿನಿಂದ, ಗಾಳಿ ಸಾಲದ ಮನೆಬಚ್ಚಲುಗಳಲ್ಲಿ ಸತ್ತಿದ್ದರೆಂದು 2012ರ ಫೆಬ್ರವರಿಯಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿತು. ಇವರೆಲ್ಲ ಕಸುಬುದಾರರು ಎಂಬುದನ್ನು ಗಮನಿಸಿ. ಬಣ್ಣ ಕೀಳುವ ದ್ರಾವಣಗಳಲ್ಲಿ ಈ ವಸ್ತುವನ್ನು ಮನೆಬಳಕೆಗೆ ಮಾರುವುದನ್ನು ಅಮೆರಿಕ 2019ರಲ್ಲಿ ನಿಷೇಧಿಸಿತು, 2024ರಲ್ಲಿ ಉಳಿದ ಬಹುತೇಕ ಬಳಕೆಗಳನ್ನೂ. ಅಂಗಡಿಯಿಂದ ಹೋಯಿತು, ಗ್ಯಾರೇಜುಗಳಿಂದ ಹೋಗಲಿಲ್ಲ. ಹಳೆಯ ಡಬ್ಬಿಗೆ ಹೆದರಬೇಕಾದುದು ಇದಕ್ಕಾಗಿಯೇ. ನಮ್ಮಲ್ಲಿ ಬಾಗಿಲು, ಕಿಟಕಿ, ಗೇಟುಗಳ ಬಣ್ಣ ತೆಗೆಸುವವರೂ ಡಬ್ಬಿಯ ಮೇಲಿನ ಸಣ್ಣಕ್ಷರಗಳಲ್ಲಿ ಈ ಎರಡು ಹೆಸರುಗಳಿವೆಯೇ ಎಂದು ನೋಡುವುದು ಒಳ್ಳೆಯದು. ಇದ್ದರೆ ಆ ಕೆಲಸ ಅಂಗಳದಲ್ಲಿ, ಬಯಲಿನಲ್ಲಿ. ಬಚ್ಚಲಿನಲ್ಲಂತೂ ಖಂಡಿತ ಬೇಡ.

ಭಾರದ ಅನಿಲ ಹೇಗೆ ನಡೆದುಕೊಳ್ಳುತ್ತದೆಂದು ನೋಡಬಯಸುವ ಮಕ್ಕಳು ಅಪಾಯವಿಲ್ಲದ ಇನ್ನೊಂದು ಅನಿಲದಿಂದ ನೋಡಬಹುದು. ದೊಡ್ಡ ಚೊಂಬಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಅರ್ಧ ಲೋಟ ನಿಂಬೆರಸವನ್ನೋ ವಿನೆಗರನ್ನೋ ಸುರಿಯಿರಿ. ನೊರೆ ಇಳಿದ ಮೇಲೆ, ದ್ರವ ಚೆಲ್ಲದಂತೆ ಚೊಂಬನ್ನು ಉರಿಯುವ ಹಣತೆಯ ಮೇಲೆ ಬಾಗಿಸಿ. ಏನೂ ಸುರಿದಂತೆ ಕಾಣದು, ದೀಪ ಆರುತ್ತದೆ. ಸುರಿದದ್ದು ಗಾಳಿಗಿಂತ ಒಂದೂವರೆ ಪಟ್ಟು ಭಾರದ ಕಾರ್ಬನ್ ಡೈ ಆಕ್ಸೈಡ್. ದೊಡ್ಡವರು ಜೊತೆಗಿರಲಿ, ಬೆಂಕಿಯಿದೆ. ಪಾಳು ಬಾವಿಗೆ ಇಳಿಯುವ ಮುನ್ನ ಹಳ್ಳಿಯವರು ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಸಿ ನೋಡುತ್ತಿದ್ದುದು ಇದೇ ತತ್ವದ ಮೇಲೆ. ಆದರೆ ಆ ಉಪಾಯವನ್ನು ಮೆಥಿಲೀನ್ ಕ್ಲೋರೈಡಿನ ಹತ್ತಿರ ತರಬಾರದು. ಜ್ವಾಲೆ ತಾಗಿದರೆ ಅದರಿಂದ ಫಾಸ್ಜೀನ್ ಎಂಬ ಇನ್ನೂ ಕೆಟ್ಟ ಅನಿಲ ಹುಟ್ಟುತ್ತದೆ. ಬಚ್ಚಲಿನಲ್ಲಿ ಯಾರಾದರೂ ಕುಸಿದು ಬಿದ್ದದ್ದು ಕಂಡರೆ ಹಿಂದೆಮುಂದೆ ನೋಡದೆ ನುಗ್ಗುವುದೂ ತಪ್ಪು. ಬಾವಿಗಳಲ್ಲಿ ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬ, ಮತ್ತೊಬ್ಬ ಸತ್ತ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ.

ಹಾಗಾದರೆ ಹಪ್ಪಳವಾದ ಬಣ್ಣವನ್ನು ತೆಗೆಯುವುದು ಹೇಗೆ? ತೋಳಿನ ಬಲದಿಂದ. ಗಟ್ಟಿ ಪ್ಲಾಸ್ಟಿಕ್ ಕೆರೆಗೈಯಿಂದ, ಮೊಂಡು ಹಿಡಿದ ಕಡೆ ಬ್ಲೇಡಿನ ಕೆರೆಗೈಯಿಂದ, ನೀರು ಚಿಮುಕಿಸುತ್ತ ಕೆರೆಯಬೇಕು. ಒಣಗಿದ್ದನ್ನು ಕೆರೆಯಬಾರದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಸುವುದನ್ನು ನಿಲ್ಲಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಹಳೆಯ ಎನಾಮೆಲ್ ಗಾಜಿನಲ್ಲೂ ಇರಬಹುದು. ಒಣಧೂಳು ಎದ್ದರೆ ಅದು ಮನೆಯೆಲ್ಲ ಹರಡಿ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಮಟ್ಟವೇ ಇಲ್ಲ. ಒದ್ದೆಯಾದ ಚೂರುಗಳನ್ನು ಬಟ್ಟೆಯಲ್ಲಿ ಬಳಿದು ಚೀಲಕ್ಕೆ ಹಾಕಬೇಕು, ಕೆಲಸ ಮುಗಿಯುವವರೆಗೆ ಗರ್ಭಿಣಿಯರೂ ಮಕ್ಕಳೂ ಆ ಕಡೆ ಸುಳಿಯಬಾರದು. ಬೆಂಜೈಲ್ ಆಲ್ಕೊಹಾಲ್ ಆಧಾರದ ನಿಧಾನದ ದ್ರಾವಣಗಳೂ ಸಿಗುತ್ತವೆ. ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಕೊಂಡು ಬಳಸಬಹುದು. ಗಂಟೆಗಟ್ಟಲೆ ಕಾಯಬೇಕು, ಅಷ್ಟೆ. ಎರಡನೆಯ ದಿನ ಹೋಯಿತು.

ಎನಾಮೆಲ್ ಸಿಡಿದ ಕಡೆ ತುಕ್ಕು ಹಿಡಿದಿರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಒಳಗೊಳಗೇ ಉಬ್ಬಿ ಬಣ್ಣವನ್ನು ಎತ್ತಿ ಎಸೆಯುತ್ತದೆ. ಆದ್ದರಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಗುಳಿಗಳ ಆಳದಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ಪರಿವರ್ತಕ ಹಚ್ಚಿದರೆ ಅದು ಗಟ್ಟಿಯಾದ ಕಬ್ಬಿಣದ ಫಾಸ್ಫೇಟ್ ಆಗುತ್ತದೆ. ಒಣಗಿದ ಮೇಲೆ ಎಪಾಕ್ಸಿ ಪುಟ್ಟಿ ತುಂಬಿ ಸಮ ಮಾಡುವುದು.

ಇನ್ನು ಉಜ್ಜುವುದು. ನುಣುಪಾದ ಗಾಜಿನ ಮೇಲೆ ಬಣ್ಣಕ್ಕೆ ಕಾಲೂರಲು ಜಾಗವಿಲ್ಲ. ಕಸುಬುದಾರರಲ್ಲಿ ಕೆಲವರು ಹೈಡ್ರೋಫ್ಲೋರಿಕ್ ಆಮ್ಲ ಬಳಿದು ಗಾಜನ್ನು ತರಿತರಿ ಮಾಡುತ್ತಾರೆ. ಗಾಜನ್ನು ತಿನ್ನುವ ಈ ಆಮ್ಲವನ್ನು ಗಾಜಿನ ಸೀಸೆಯಲ್ಲಿ ಇಡಲಾಗದೆಂದು ಪಾಠದಲ್ಲಿ ಓದಿರುತ್ತೀರಿ. ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ಆಗ ಉರಿಯುವುದೇ ಇಲ್ಲ, ಗಂಟೆಗಳ ನಂತರ ಒಳಗಿನ ಮಾಂಸ, ಮೂಳೆಗಳನ್ನು ಬಾಧಿಸುತ್ತದೆ. ಮನೆಯಲ್ಲಿ ಅದರ ಹೆಸರೂ ಎತ್ತಬೇಡಿ. ಸಿಲಿಕಾನ್ ಕಾರ್ಬೈಡಿನ ಕಪ್ಪು ನೀರುಕಾಗದ ಸಾಕು, ಅದು ಗಾಜಿಗಿಂತ ಎಷ್ಟೋ ಗಡಸು. ನೀರು ಹಾಕುತ್ತ ಒಂದೊಂದು ಅಂಗುಲವನ್ನೂ ಉಜ್ಜಬೇಕು. ಎಷ್ಟು ಉಜ್ಜಬೇಕೆಂಬುದನ್ನು ಬೆಳಕೇ ಹೇಳುತ್ತದೆ. ಹೊಳಪಿದ್ದಲ್ಲಿ ದೀಪದ ಬಿಂಬ ಕಾಣುತ್ತದೆ, ಉಜ್ಜಿದಲ್ಲಿ ಬೆಳಕು ಚದುರಿ ಮಂಕಾಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಬಿಟ್ಟುಹೋದ ಜಾಗ ತಾನೇ ಮಿನುಗಿ ಸಿಕ್ಕಿಬೀಳುತ್ತದೆ. ಸಾಮಾನ್ಯವಾಗಿ ಮೂಲೆಗಳು, ಅಂಚಿನ ಅಡಿಭಾಗ ಮತ್ತು ನೀರು ಹೋಗುವ ಕಿಂಡಿಯ ಸುತ್ತ.

ಎಲ್ಲ ಆದ ಮೇಲೆ ಶುದ್ಧವಾಯಿತೆಂದು ತಿಳಿಯುವುದು ಹೇಗೆ? ಕಣ್ಣನ್ನು ನಂಬಬಾರದು, ನೀರನ್ನು ನಂಬಬೇಕು. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದ ಭಾಗ ಇದು. ಗೋಡೆಯ ಮೇಲೆ ತಿಳಿನೀರು ಹರಿಸಿ ಅರ್ಧ ನಿಮಿಷ ನೋಡಿ. ನೀರು ಒಂದೇ ಹಾಳೆಯಾಗಿ ನಿಂತರೆ ಶುದ್ಧ. ಹಾಳೆ ಹರಿದು ಹನಿಗಳಾಗಿ ಮುದುಡಿದರೆ ಅಲ್ಲಿ ಜಿಡ್ಡಿದೆ, ಕೆಸುವಿನೆಲೆಯ ಮೇಲೆ ನೀರು ಮುತ್ತಾಗುವಂತೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ 73 ಮಿಲಿನ್ಯೂಟನ್, ಬಣ್ಣಗಳದು ಸುಮಾರಾಗಿ ಅದರ ಅರ್ಧ. ಹರಡಲು ಹಟಮಾಡುವ ನೀರೇ ಹರಡಿತೆಂದರೆ ಬಣ್ಣ ಹರಡುವುದರಲ್ಲಿ ಸಂಶಯವಿಲ್ಲ. ಒಂದು ಮೋಸವುಂಟು: ತೊಳೆದ ಸೋಪಿನ ಶೇಷ ಉಳಿದಿದ್ದರೆ ಅದೇ ನೀರಿನ ಎಳೆತವನ್ನು ತಗ್ಗಿಸಿ ಜಿಡ್ಡಿನ ಮೇಲೂ ನೀರನ್ನು ಹರಡಿಬಿಡುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಆದ್ದರಿಂದ ನಾಲ್ಕೈದು ಸಲ ತಿಳಿನೀರಿನಲ್ಲಿ ತೊಳೆದೇ ಪರೀಕ್ಷಿಸಬೇಕು. ಮನೆಯಲ್ಲಿ ಮಾಡಿ ನೋಡಲು ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಎರಡನ್ನೂ ಚೆನ್ನಾಗಿ ತಿಕ್ಕಿ ತೊಳೆದು, ಒಂದರ ಮೇಲೆ ತಲೆಗೂದಲಿಗೆ ಒರೆಸಿದ ಬೆರಳನ್ನು ಒಮ್ಮೆ ಎಳೆದು, ಎರಡಕ್ಕೂ ನೀರು ಹರಿಸಿ. ಬೆರಳಿನ ಗೆರೆ ಎದ್ದು ಕಾಣುತ್ತದೆ. ಶುದ್ಧವಾದ ತೊಟ್ಟಿಯನ್ನು ಬರಿಗೈಯಲ್ಲಿ ಸವರಿ ಮೆಚ್ಚಿಕೊಳ್ಳಬಾರದೆಂಬುದು ಅದನ್ನು ನೋಡಿದವರಿಗೆ ಮತ್ತೆ ಹೇಳಬೇಕಿಲ್ಲ.

ಕೊನೆಯದು ಒಣಗಿಸುವುದು. ತರಿಯಾದ ಮೇಲ್ಮೈಯ ಸಣ್ಣ ಸಂದುಗಳಲ್ಲಿ, ಪುಟ್ಟಿ ತುಂಬಿದ ಗುಳಿಗಳಲ್ಲಿ ನೀರು ಅವಿತಿರುತ್ತದೆ. ಒಂದು ಹಗಲು, ಒಂದು ರಾತ್ರಿಯಾದರೂ ಕಿಟಕಿ ತೆರೆದು ಬಿಡಬೇಕು. ಆ ಹೊತ್ತಿನಲ್ಲಿ ಎಲ್ಲರೂ ಮರೆಯುವುದು ನಲ್ಲಿಯನ್ನು. ತೊಟ್ಟಿಕ್ಕುವ ನಲ್ಲಿಯ ಒಂದೊಂದೇ ಹನಿ ರಾತ್ರಿಯಿಡೀ ಒಂದೇ ದಾರಿಯಲ್ಲಿ ಇಳಿದು, ಅಷ್ಟುದ್ದದ ಒದ್ದೆ ಪಟ್ಟಿಯನ್ನೂ ಸುಣ್ಣದ ಗೆರೆಯನ್ನೂ ಮೂಡಿಸಿರುತ್ತದೆ. ಮೂರನೆಯ ದಿನದ ಸಂಜೆಯೇ ವಾಷರ್ ಬದಲಾಯಿಸಿ, ಇಲ್ಲವೇ ನಲ್ಲಿಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು ಮಲಗಬೇಕು. ಬೆಳಿಗ್ಗೆ ನಾರು ಬಿಡದ ಬಟ್ಟೆಯಿಂದ ಧೂಳು ಒರೆಸಿ, ಕಿಟಕಿ ತೆರೆದಿರುವಂತೆಯೇ ಕಿಟ್ಟಿನ ಎರಡು ಡಬ್ಬಿಗಳನ್ನು ಬೆರೆಸಬಹುದು. ಬೆರೆಸಿದ ಕ್ಷಣದಿಂದಲೇ ರಾಳ ಗಟ್ಟಿಯಾಗತೊಡಗುತ್ತದೆ. ಕೆಲಸಕ್ಕೆ ಅರ್ಧ ದಿನ ಸಾಕಾಗುವುದು ಅದಕ್ಕೇ, ಹೆಚ್ಚು ಹೊತ್ತು ಕಾಯಲು ಬಣ್ಣವೇ ಬಿಡುವುದಿಲ್ಲ.